ಹಗ್ಗ ಹರಿಯಲಿಲ್ಲ

ಗುಹಾನ್ವೇಷಣೆಯ ಚರಿತ್ರೆ ಬರೆಯುವವರು ಒಂದು ಸಾವನ್ನು ತಪ್ಪದೆ ಹೇಳುತ್ತಾರೆ. 1952ರ ಆಗಸ್ಟ್ 13ರಂದು ಫ್ರಾನ್ಸ್ ಮತ್ತು ಸ್ಪೇನ್ ಗಡಿಯ ಪಿರನೀಸ್ ಪರ್ವತದಲ್ಲಿ ಮಾರ್ಸೆಲ್ ಲೂಬೆನ್ಸ್ ಎಂಬ ಫ್ರೆಂಚ್ ಅನ್ವೇಷಕ ಮುನ್ನೂರು ಮೀಟರಿಗೂ ಮಿಕ್ಕಿದ ಆಳದ ಕೂಪದಿಂದ ಮೇಲೇರುತ್ತಿದ್ದ. ಕೇಬಲ್ ತುಂಡಾಯಿತು, ಬಿದ್ದ, ಸತ್ತ. ಎರಡು ಸಾಲಿನ ಈ ಒಕ್ಕಣೆ ಒಬ್ಬರ ಬರಹದಿಂದ ಇನ್ನೊಬ್ಬರ ಬರಹಕ್ಕೆ ದಾಟುತ್ತ ಬಂದಿದೆ. ಓದಿದಾಗ ನನಗೇಕೋ ಗಂಟಲಲ್ಲಿ ಇಳಿಯಲಿಲ್ಲ. ವಿಂಚ್ ಎಂಬ ಎತ್ತುವ ಯಂತ್ರಕ್ಕೆಂದೇ ತಂದ ಉಕ್ಕಿನ ಕೇಬಲ್ ಒಬ್ಬ ಮನುಷ್ಯನ ಭಾರಕ್ಕೆ ಪಟ್ಟನೆ ಹರಿದುಹೋಗುವುದು ಅಷ್ಟು ಸಲೀಸಲ್ಲ. ನಿಜಕ್ಕೂ ಆದದ್ದೇನು ಎಂದು ಕೆದಕುತ್ತ ಹೋದೆ. ಒಂದು ದಾಖಲೆ ಇನ್ನೊಂದಕ್ಕೆ ಕೈತೋರಿಸಿ, ಹುಡುಕಾಟ ಅರವತ್ತು ಎಪ್ಪತ್ತು ವರ್ಷ ಈಚೆಗೆ ಬಂದು ನಿಂತಿತು.

ಮೊದಲ ಸಾಕ್ಷಿ ಹರೂನ್ ತಾಜಿಯೆಫ್. ಜ್ವಾಲಾಮುಖಿಗಳ ಅಧ್ಯಯನಕ್ಕೆ ಹೆಸರಾದ ಈತ ಅಂದು ಕೂಪದ ತಳದಲ್ಲೇ ಇದ್ದ. ಆತನ ಪುಸ್ತಕ ಅದೇ 1952ರಲ್ಲಿ ಅಚ್ಚಾಯಿತು. ಎರಡನೆಯ ಸಾಕ್ಷಿ ನಾರ್ಬೆರ್ ಕಾಸ್ತೆರೆ, ಲೂಬೆನ್ಸ್‌ನ ಹಿರಿಯ ಒಡನಾಡಿ. ಆತನ ಬರಹ ಕಥೆಯನ್ನು 1954ರವರೆಗೆ ಒಯ್ಯುತ್ತದೆ; ಆ ವರ್ಷ ಕಾಸ್ತೆರೆ ತಾನೇ ಆ ಕೂಪಕ್ಕೆ ಇಳಿದಿದ್ದ. ಇಬ್ಬರ ಮಾತನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿಯಲ್ಲಿ ಗೊಂದಲವಿಲ್ಲ. ಕೇಬಲ್ ಹರಿಯಲಿಲ್ಲ. ಕೇಬಲಿನ ತುದಿಯನ್ನು ಲೂಬೆನ್ಸ್‌ನ ಮೈಗೆ ಬಿಗಿದ ಹಾರ್ನೆಸ್ಸಿನ ಜೊತೆ ಕೂಡಿಸುತ್ತಿದ್ದ ಹಿಡಿಕೆ, ಒಂದು ಪುಟ್ಟ ಲೋಹದ ಕ್ಲಾಂಪ್, ಕೈಕೊಟ್ಟಿತು. ಕೇಬಲ್ ಅದರೊಳಗಿಂದ ಜಾರಿ ಹೊರಬಂತು.

ಕಾಗೆ ತೋರಿಸಿದ ಬಿಲ

ಆ ಕೂಪ ಪತ್ತೆಯಾದದ್ದು 1950ರಲ್ಲಿ. ಪಿಯೆರ್ ಸೇಂಟ್ ಮಾರ್ಟಿನ್ ಎಂಬ ಗಡಿ ಕಣಿವೆಯ ಬಳಿ ಸುಣ್ಣದ ಕಲ್ಲಿನ ಬಟಾಬಯಲು. ಅಲ್ಲಿ ಜಾರ್ಜ್ ಲೆಪಿನೋ ಎಂಬಾತ ಕಲ್ಲುಗಳ ನಡುವಿನಿಂದ ಕಾಗೆಯ ಜಾತಿಯ ಹಕ್ಕಿಯೊಂದು ಹಾರಿದ್ದನ್ನು ಕಂಡ. ಹತ್ತಿರ ಹೋಗಿ ಕಲ್ಲೆಸೆದರೆ ಸದ್ದು ಬರುವುದೇ ಇಲ್ಲ ಎನ್ನುವಷ್ಟು ಆಳ. ಮರುವರ್ಷ, 1951ರಲ್ಲಿ, ಸೈಕಲಿನಂತೆ ತುಳಿಯುವ ವಿಂಚಿನ ನೆರವಿನಿಂದ ಲೆಪಿನೋ ತಳ ಮುಟ್ಟಿದ. ಕೂಪಕ್ಕೆ ಅವನದೇ ಹೆಸರು ಬಂತು. ಇಳಿಬಿಟ್ಟ ಕೇಬಲಿನ ಲೆಕ್ಕದಲ್ಲಿ ಆಳ 346 ಮೀಟರ್ ಎಂದು ಆಗ ಬರೆದುಕೊಂಡರು. ಆಮೇಲಿನ ಅಳತೆ ಅದನ್ನು 320ಕ್ಕೆ ಇಳಿಸಿತು. ಹಳೆಯ ಬರಹಗಳು 346 ಎನ್ನುತ್ತವೆ, ಹೊಸವು 320 ಎನ್ನುತ್ತವೆ. ಒಂದು ಲೇಖನ ಯಾವ ಕಾಲದ ಮಾಹಿತಿಯನ್ನು ನಂಬಿ ಹೊರಟಿದೆ ಎಂದು ತಿಳಿಯಲು ನನಗೆ ಈ ಅಂಕಿಯೇ ಸುಲಭದ ಗುರುತಾಯಿತು.

ತಂಡದ ಮುಖಂಡ ಬೆಲ್ಜಿಯಂನ ಭೌತವಿಜ್ಞಾನಿ ಮ್ಯಾಕ್ಸ್ ಕೋಸಿನ್ಸ್ ಸಾಮಾನ್ಯನಲ್ಲ. 1932ರಲ್ಲಿ ಓಗುಸ್ತ್ ಪಿಕಾರ್ ಜೊತೆ ಬಲೂನಿನಲ್ಲಿ 16 ಕಿಲೋಮೀಟರಿಗೂ ಮೇಲೆ, ಸ್ಟ್ರಾಟೋಸ್ಫಿಯರ್ ಪದರಕ್ಕೆ ಹೋಗಿಬಂದವನು. ಅವನ ಜೊತೆಗಿದ್ದ ಇಟಲಿಯ ಜುಸೆಪ್ಪೆ ಒಕ್ಕಿಯಾಲಿನಿ ವಿಶ್ವಕಿರಣಗಳ ಸಂಶೋಧನೆಯಲ್ಲಿ ದೊಡ್ಡ ಹೆಸರು. 1952ಕ್ಕೆ ಕೋಸಿನ್ಸ್ ತುಳಿಯುವ ವಿಂಚನ್ನು ಬಿಟ್ಟು ವಿದ್ಯುತ್ ಮೋಟಾರಿನ ವಿಂಚನ್ನು ತಂದ. ಯಂತ್ರ ಮೇಲೆ, ಮನುಷ್ಯ ಕೆಳಗೆ, ನಡುವೆ ಉಕ್ಕಿನ ಎಳೆ. ನೇತಾಡುವವನಿಗೆ ಮಾಡಲು ಏನೂ ಇಲ್ಲ. ಏರಿಸುವುದು, ಇಳಿಸುವುದು, ನಿಲ್ಲಿಸುವುದು ಎಲ್ಲವೂ ಮೇಲಿನವರ ಕೈಯಲ್ಲಿ.

ಲೂಬೆನ್ಸ್ ಕೆಲವು ದಿನ ತಳದಲ್ಲಿ ಕಳೆದು, ಮೇಲೆ ಹೋಗುವ ಸರದಿ ಬಂದಾಗ ಕೇಬಲಿಗೆ ಕೊಂಡಿ ಹಾಕಿಕೊಂಡ. ವಿಂಚ್ ಎಳೆಯತೊಡಗಿತು. ಹತ್ತು ಮೀಟರ್ ಏರಿರಬಹುದು, ಅಷ್ಟರಲ್ಲಿ ಹಿಡಿಕೆ ಸಡಿಲಿತು. ಬಂಡೆಗಳ ಮೇಲೆ ಬಿದ್ದು ಇಳಿಜಾರಿನಲ್ಲಿ ಇನ್ನೂ ಕೆಳಕ್ಕೆ ಉರುಳಿದ. ತಲೆಬುರುಡೆ ಒಡೆದಿತ್ತು, ಬೆನ್ನುಮೂಳೆ ಮುರಿದಿತ್ತು. ಆದರೂ ಜೀವವಿತ್ತು. ಸುಮಾರು 36 ಗಂಟೆಗಳ ಕಾಲ ಜೀವವಿತ್ತು.

ಆ 36 ಗಂಟೆಗಳ ವಿವರ ಓದುವಾಗ ನನ್ನ ಪ್ರಶ್ನೆಯೇ ಬದಲಾಯಿತು. ಹಿಡಿಕೆ ಏಕೆ ಜಾರಿತು ಎಂಬುದಕ್ಕಿಂತ, ಅಷ್ಟೊಂದು ಹೊತ್ತು ಬದುಕಿದ್ದವನನ್ನು ಮೇಲೆ ತರಲು ಏಕಾಗಲಿಲ್ಲ ಎಂಬುದು ದೊಡ್ಡದಾಗಿ ಕಂಡಿತು. ತಂಡದ ವೈದ್ಯ ಆಂದ್ರೆ ಮೇರೆ, ಸ್ನೇಹಿತನನ್ನು ಕೆಡವಿದ ಅದೇ ವ್ಯವಸ್ಥೆಯನ್ನು ಮತ್ತೆ ಬಿಗಿಸಿಕೊಂಡು ಕೆಳಗಿಳಿದ. ಸ್ಟ್ರೆಚರ್ ಇಳಿಸಿದರು. ಆದರೆ ಕೂಪ ನೇರವಾದ ಕೊಳವೆಯಲ್ಲ. ನಡುನಡುವೆ ಜಗಲಿಗಳು, ಚಾಚಿದ ಬಂಡೆಗಳು, ಸುರಿಯುವ ನೀರು. ಪ್ರಜ್ಞೆಯಿರುವವನು ಕಾಲಿನಿಂದ ಗೋಡೆಯನ್ನು ಒದ್ದು ದಾಟಿಕೊಳ್ಳುವ ಕಡೆಯಲ್ಲಿ ಸ್ಟ್ರೆಚರ್ ಸಿಕ್ಕಿಹಾಕಿಕೊಳ್ಳುತ್ತದೆ. ಪ್ರತಿ ಜಗಲಿಯಲ್ಲೂ ಅದನ್ನು ಬಿಡಿಸಿ ಸಾಗಿಸಲು ಜನ ನಿಲ್ಲಬೇಕು. ಅವರನ್ನು ಏಣಿಗಳ ಮೂಲಕ ಕೂಪದ ನಡುಮಧ್ಯಕ್ಕೆ ಇಳಿಸುವ ಏರ್ಪಾಟು ನಡೆಯುತ್ತಿರುವಾಗಲೇ ಆಗಸ್ಟ್ 14ರ ರಾತ್ರಿ ಲೂಬೆನ್ಸ್ ಸತ್ತ. ಸಂಗಾತಿಗಳು ಅವನನ್ನು ಅಲ್ಲೇ ಕಲ್ಲುಗಳ ಅಡಿಯಲ್ಲಿ ಸಮಾಧಿ ಮಾಡಿ ಬಂಡೆಯ ಮೇಲೆ ಹೆಸರು ಮೂಡಿಸಿ ಬಂದರು. ದೇಹವನ್ನು ಮೇಲೆ ತರಲಾದದ್ದು 1954ರ ಆಗಸ್ಟಿನಲ್ಲಿ, ಅಲ್ಯೂಮಿನಿಯಂ ಪೆಟ್ಟಿಗೆಯೊಂದರಲ್ಲಿ. ಎರಡು ವರ್ಷದ ತಯಾರಿಯ ನಂತರವೂ ಆ ಪೆಟ್ಟಿಗೆಯನ್ನು ಬಂಡೆಯಿಂದ ಬಂಡೆಗೆ ಬಿಡಿಸಿಕೊಂಡೇ ಏರಿಸಬೇಕಾಯಿತು.

ತುದಿಯ ಶಾಸ್ತ್ರ

ತುದಿ ಜಾರುವ ಅಪಾಯ ಹೊಸದೇನೂ ಆಗಿರಲಿಲ್ಲ. ಗಣಿಗಳವರಿಗೆ ಅದು ನಿತ್ಯದ ಪಾಠ. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ (ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು) ಕಾರ್ಮಿಕರನ್ನು ಹೊತ್ತ ಪಂಜರ ಇಳಿಯುತ್ತಿದ್ದದ್ದು ಇಂಥದೇ ಉಕ್ಕಿನ ಮಿಣಿಯಲ್ಲಿ. ಮಿಣಿ ಪಂಜರಕ್ಕೆ ಸೇರುವ ಕಡೆಯ ಲೋಹದ ಕಟ್ಟಿಗೆ ಗಣಿಭಾಷೆಯಲ್ಲಿ ಕ್ಯಾಪೆಲ್ ಎನ್ನುತ್ತಾರೆ. ಗಣಿ ಕಾನೂನಿನಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ಪದ್ಧತಿ ಉಂಟು. ಮಿಣಿ ಎಷ್ಟೇ ಚೆನ್ನಾಗಿ ಕಂಡರೂ ಕಾಲಕಾಲಕ್ಕೆ ಅದರ ತುದಿಯ ಒಂದಷ್ಟು ಉದ್ದವನ್ನು ಕತ್ತರಿಸಿ ತೆಗೆದು, ತಂತಿಗಳನ್ನು ಬಿಚ್ಚಿ ಪರೀಕ್ಷಿಸಿ, ಹೊಸ ತುದಿಗೆ ಹೊಸದಾಗಿ ಕ್ಯಾಪೆಲ್ ಕೂಡಿಸಬೇಕು. ಏಕೆಂದರೆ ನಡುವಿನ ಸಾವಿರಾರು ಅಡಿ ಮಿಣಿಗಿಂತ ತುದಿಯ ಆ ಗೇಣುದ್ದ ಜಾಗದಲ್ಲೇ ಬಾಗುವಿಕೆ, ತುಕ್ಕು, ಸಡಿಲಿಕೆ ಎಲ್ಲ ಬಂದು ಕೂಡುವುದು.

ಬೋಲ್ಟು ಬಿಗಿದು ಕೂಡಿಸುವ ಹಿಡಿಕೆಗೆ ಇನ್ನೂ ಒಂದು ಸ್ವಭಾವದೋಷವಿದೆ. ತಂತಿಗಳನ್ನು ಹೊಸೆದು ಮಾಡಿದ ಕೇಬಲಿನ ಮೇಲೆ ಭಾರ ಬಿದ್ದಾಗ ಎಳೆಗಳು ಒಂದಕ್ಕೊಂದು ಒತ್ತಿಕೊಂಡು ಕೇಬಲ್ ಕೂದಲೆಳೆಯಷ್ಟು ಸಣ್ಣಗಾಗುತ್ತದೆ. ಭಾರವಿಲ್ಲದಾಗ ಗಟ್ಟಿಯಾಗಿ ಬಿಗಿದ ಬೋಲ್ಟು ಆಗ ತುಸು ಸಡಿಲವಾದಂತೆಯೇ. ಅದಕ್ಕಾಗಿ ಮೊದಲ ಭಾರದ ಬಳಿಕ ಮತ್ತೆ ಬಿಗಿಸಬೇಕು, ಆಮೇಲೂ ಆಗಾಗ ನೋಡುತ್ತಿರಬೇಕು. ಹಗ್ಗದ ಗಂಟಿನ ಗುಣ ಇದಕ್ಕೆ ತದ್ವಿರುದ್ಧ: ಸರಿಯಾಗಿ ಹಾಕಿದ ಗಂಟು ಭಾರ ಬಿದ್ದಷ್ಟೂ ತನ್ನನ್ನು ತಾನೇ ಬಿಗಿದುಕೊಳ್ಳುತ್ತದೆ. ಇಂದಿನ ಲಂಬ ಗುಹಾಯಾನ ನಿಂತಿರುವುದು ಈ ಎರಡನೆಯ ಗುಣದ ಮೇಲೆ.

ಅಚ್ಚರಿಯೆಂದರೆ ಆ ಎರಡನೆಯ ದಾರಿ 1952ಕ್ಕೆ ಮೊದಲೇ ತೆರೆದಿತ್ತು. ಆಸ್ಟ್ರಿಯಾದ ಕಾರ್ಲ್ ಪ್ರುಸಿಕ್ 1931ರಲ್ಲೇ ತನ್ನ ಹೆಸರಿನ ಗಂಟನ್ನು ಪ್ರಕಟಿಸಿದ್ದ. ತೆಳು ದಾರದ ಕುಣಿಕೆಯನ್ನು ದಪ್ಪ ಹಗ್ಗಕ್ಕೆ ಸುತ್ತಿದರೆ, ಭಾರವಿಲ್ಲದಾಗ ಮೇಲಕ್ಕೆ ಸರಿಯುತ್ತದೆ, ಭಾರ ಬಿದ್ದಾಗ ಕಚ್ಚಿ ಹಿಡಿಯುತ್ತದೆ. ಇಂಥ ಎರಡು ಕುಣಿಕೆಗಳಿದ್ದರೆ ಮನುಷ್ಯ ತನ್ನ ಹಗ್ಗವನ್ನು ತಾನೇ ಏರಬಹುದು. ಗ್ರೆನೋಬಲ್ ಬಳಿಯ ಡಾಂ ದ ಕ್ರೋಲ್ ಗುಹೆಗಳಲ್ಲಿ ಪಿಯೆರ್ ಷೆವಾಲಿಯೆ ಮತ್ತು ಫೆರ್ನಾಂ ಪೆತ್ಸ್ಲ್ ಜೊತೆಗಾರರು ಹಗ್ಗ ಹತ್ತುವ ಉಪಕರಣಗಳನ್ನು, ಆಗಷ್ಟೇ ಬಂದ ನೈಲಾನ್ ಹಗ್ಗವನ್ನು ಪ್ರಯೋಗಿಸುತ್ತಿದ್ದರು. ಆ ಪೆತ್ಸ್ಲ್ ಹೆಸರೇ ಮುಂದೆ ಜಗತ್ತಿನ ಹಗ್ಗದ ಸಲಕರಣೆಗಳ ಮೇಲೆಲ್ಲ ಅಚ್ಚಾಯಿತು. 1958ರಲ್ಲಿ ಸ್ವಿಟ್ಜರ್ಲೆಂಡಿನ ಯೂಸಿ ಮತ್ತು ಮಾರ್ತಿ ಸೇರಿ ಮಾಡಿದ ಜುಮಾರ್ ಬಂದ ಮೇಲೆ ಗಂಟು ಕಟ್ಟುವ ಕೆಲಸವನ್ನು ಹಲ್ಲುಳ್ಳ ಲೋಹದ ಹಿಡಿಯೇ ಮಾಡತೊಡಗಿತು. ಮುಂದಿನ ದಶಕಗಳಲ್ಲಿ ವಿಂಚು, ಏಣಿ ಎರಡೂ ಮೂಲೆಗೆ ಸರಿದವು. ಒಂಟಿ ಹಗ್ಗದಲ್ಲಿ ಡಿಸೆಂಡರ್ ಎಂಬ ಸಲಕರಣೆ ಹಾಕಿ ಇಳಿಯುವುದು, ಅದೇ ಹಗ್ಗದಲ್ಲಿ ಹಿಡಿಗಳನ್ನು ಹಾಕಿ ಏರುವುದು ರೂಢಿಯಾಯಿತು. ಲೂಬೆನ್ಸ್‌ನ ಕಾಲದಲ್ಲಿ ಮೇಲಿನವರ ಕೈಯಲ್ಲಿದ್ದ ಜೀವ ಈಗ ನೇತಾಡುವವನ ಕೈಗೇ ಬಂತು.

ಹಗ್ಗ ಗಟ್ಟಿ, ಅಂಚು ಚೂಪು

ಹಾಗಾದರೆ ಆ ಒಂಟಿ ಹಗ್ಗದ ಶಕ್ತಿ ಎಷ್ಟು? ಯುರೋಪಿನ ಇಎನ್ 1891 ಮಾನದಂಡದ ಪ್ರಕಾರ ಎ ಮಾದರಿಯ ಹಗ್ಗ ಕನಿಷ್ಠ 22 ಕಿಲೋನ್ಯೂಟನ್ ತಡೆಯಬೇಕು. ಸುಮಾರು 2,200 ಕಿಲೋ ತೂಗುಹಾಕಿದಂತೆ. ತುದಿಗೆ ಗಂಟು ಹಾಕಿದ ಮೇಲೂ 15 ಕಿಲೋನ್ಯೂಟನ್ ಭಾರವನ್ನು ಮೂರು ನಿಮಿಷ ಹಿಡಿದಿಡಬೇಕು. 100 ಕಿಲೋ ತೂಕವನ್ನು ಹಗ್ಗದ ಉದ್ದದಷ್ಟೇ ಎತ್ತರದಿಂದ ಐದು ಬಾರಿ ಬೀಳಿಸಿದರೂ ಹರಿಯಬಾರದು. ನೈಲಾನ್ ಒದ್ದೆಯಾದರೆ ಶಕ್ತಿ ಒಂದಿಷ್ಟು ಕುಗ್ಗುತ್ತದೆ, ಕೆಸರು ಹಿಡಿದರೆ ಸವೆಯುತ್ತದೆ. ಅದನ್ನೆಲ್ಲ ಕಳೆದರೂ ಒಬ್ಬ ಮನುಷ್ಯನಿಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಉಳಿಯುತ್ತದೆ.

ಅಷ್ಟಾಗಿಯೂ ಜನ ಸಾಯುವುದು ಹೇಗೆ? ಉತ್ತರಕ್ಕೆ ಅಮೆರಿಕದ ರಾಷ್ಟ್ರೀಯ ಗುಹಾಶೋಧ ಸೊಸೈಟಿ ಪ್ರಕಟಿಸುವ ಅಪಘಾತ ವರದಿಗಳತ್ತ ತಿರುಗಿದೆ. ಇವು ಪೊಲೀಸರ ಮಹಜರಲ್ಲ, ನ್ಯಾಯಾಲಯದ ತೀರ್ಪೂ ಅಲ್ಲ. ನಡೆದದ್ದನ್ನು ಹೇಳಿ, ಕೆಳಗೆ ವಿಶ್ಲೇಷಣೆ ಬರೆಯುವುದು ಇವುಗಳ ರೀತಿ. ತಪ್ಪಿತಸ್ಥರನ್ನು ಹಿಡಿಯುವುದಕ್ಕಿಂತ ಮುಂದಿನವರು ಬದುಕಲಿ ಎಂಬುದು ಉದ್ದೇಶ. ಓದುತ್ತ ಹೋದಂತೆ ಕೆಲವು ಬಗೆಗಳು ಮತ್ತೆಮತ್ತೆ ಎದುರಾಗುತ್ತವೆ. ಹಗ್ಗ ತಳ ಮುಟ್ಟಿಲ್ಲ, ತುದಿಗೆ ತಡೆಗಂಟು ಹಾಕಿಲ್ಲ. ಇಳಿಯುವವನು ಹಗ್ಗ ಮುಗಿದಲ್ಲಿಂದ ಗಾಳಿಗೆ ಜಾರುತ್ತಾನೆ. ಡಿಸೆಂಡರಿನಲ್ಲಿ ಹಗ್ಗವನ್ನು ತಿರುವುಮುರುವಾಗಿ ಹಾಕಿಕೊಂಡಿರುತ್ತಾನೆ. ಕೂದಲೋ ಅಂಗಿಯ ಅಂಚೋ ಡಿಸೆಂಡರಿನೊಳಗೆ ಸಿಕ್ಕಿ, ಏರಲೂ ಆಗದೆ ಇಳಿಯಲೂ ಆಗದೆ ನಿಲ್ಲುತ್ತಾನೆ. ಬಂಡೆಯ ಅಂಚು ಹಗ್ಗವನ್ನು ತೇಯುತ್ತದೆ. ಬರೀ ಭಾರಕ್ಕೆ ನಡುಹಗ್ಗ ಪಟ್ಟೆಂದು ಹರಿದ ಪ್ರಸಂಗಕ್ಕಾಗಿ ಹುಡುಕಿದವನಿಗೆ ಸಿಗುವುದು ಇವೇ: ತುದಿ, ಗಂಟು, ಅಂಚು, ಕೈಮರೆವು.

ಅಂಚಿನ ಮಾತು ಕನ್ನಡದವರಿಗೆ ವಿವರಿಸಬೇಕಿಲ್ಲ. ರಾಟೆಯಿಲ್ಲದ ಹಳೆಯ ಬಾವಿಗಳ ಕಟ್ಟೆಗಲ್ಲಿನಲ್ಲಿ ಸೇದುವ ಹಗ್ಗ ಕೊರೆದ ಕಚ್ಚುಗಳನ್ನು ಕಂಡವರೆಲ್ಲ ಬಲ್ಲರು: ಕರಿಕಲ್ಲನ್ನೇ ತೇಯುವ ಹಗ್ಗವನ್ನು ಕಲ್ಲು ಸುಮ್ಮನೆ ಬಿಟ್ಟೀತೇ? ಹಗ್ಗ ಏರುವವನ ದೇಹ ಪ್ರತಿ ಹೆಜ್ಜೆಗೂ ಕುಲುಕುತ್ತದೆ. ನೈಲಾನ್ ಹಗ್ಗ ಹಿಗ್ಗಿ ಕುಗ್ಗುತ್ತದೆ. ಮೇಲೆಲ್ಲೋ ಅಂಚಿಗೆ ತಾಗಿದ ಜಾಗದಲ್ಲಿ ಅದು ಗರಗಸದ ಹಾಗೆ ಹಿಂದೆಮುಂದೆ ಆಡುತ್ತಿರುತ್ತದೆ. ಕೆಳಗಿರುವವನಿಗೆ ಅದು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ.

ಇದಕ್ಕೆ ಎರಡು ಬೇರೆಬೇರೆ ಪರಿಹಾರಗಳು ಹುಟ್ಟಿದವು. ಟೆನೆಸಿ, ಅಲಬಾಮಾ, ಜಾರ್ಜಿಯಾ ಕಡೆಯ ಅಮೆರಿಕನ್ನರು 11 ಮಿಲಿಮೀಟರಿನ ದಪ್ಪ, ಒರಟು ಹೊದಿಕೆಯ ಹಗ್ಗ ನೆಚ್ಚಿಕೊಂಡರು. ಅಂಚಿಗೆ ದಪ್ಪ ಬಟ್ಟೆಯ ಮೆತ್ತೆ ಹಾಸಿ ಒಂದೇ ಹಗ್ಗವನ್ನು ಮೇಲಿನಿಂದ ತಳದವರೆಗೆ ಇಳಿಬಿಟ್ಟರು. ಸಾವಿರ ಮೀಟರ್ ಆಳದ ಗುಹೆಗಳಿಗೆ ಇಳಿಯುತ್ತಿದ್ದ ಯುರೋಪಿನವರಿಗೆ ಅಷ್ಟು ತೂಕದ ಹಗ್ಗ ಹೊರಲಾಗದು. ಅವರು 8 ಅಥವಾ 9 ಮಿಲಿಮೀಟರಿನ ತೆಳು ಹಗ್ಗವನ್ನು ಆರಿಸಿಕೊಂಡು ಅದು ಬಂಡೆಗೆ ತಾಗದ ಹಾಗೆ ನೋಡಿಕೊಂಡರು. ಹಗ್ಗ ಎಲ್ಲಿ ಗೋಡೆಗೆ ತಾಗೀತೋ ಅದಕ್ಕೆ ತುಸು ಮೇಲೆ ಬಂಡೆಗೆ ಇನ್ನೊಂದು ಮೊಳೆ ಹೊಡೆದು ಹಗ್ಗವನ್ನು ಅಲ್ಲಿ ಮರಳಿ ಕಟ್ಟುವುದು. ಇದಕ್ಕೆ ರಿಬಿಲೇ ಎಂದು ಹೆಸರು. ನೂರು ಮೀಟರಿನ ಕೂಪದಲ್ಲಿ ಇಂಥ ನಾಲ್ಕಾರು ಕಟ್ಟುಗಳಿರಬಹುದು. ಒಂದೊಂದು ಕಟ್ಟಿನ ಬಳಿಯೂ ಗುಹಾಯಾನಿ ನೇತಾಡುತ್ತಲೇ ನಿಂತು, ತನ್ನ ಸುರಕ್ಷಾ ಕೊಂಡಿಯನ್ನು ಮೊಳೆಗೆ ಸಿಕ್ಕಿಸಿ, ಉಪಕರಣಗಳನ್ನು ಒಂದೊಂದಾಗಿ ಈ ಹಗ್ಗದಿಂದ ಬಿಚ್ಚಿ ಆ ಹಗ್ಗಕ್ಕೆ ಹಾಕಿಕೊಳ್ಳಬೇಕು. 1980ರಲ್ಲಿ ಮಾರ್ಬಾಕ್ ಮತ್ತು ರೊಕೂರ್ ಬರೆದ ಫ್ರೆಂಚ್ ಕೈಪಿಡಿ ಈ ವಿದ್ಯೆಯನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟಿತು.

ನೇತಾಡುವ ದೇಹ

ಹಗ್ಗ, ಗಂಟು, ಅಂಚು ಎಲ್ಲವೂ ಸರಿಯಿದ್ದರೂ ಸಾವು ಬರುತ್ತದೆ ಎಂಬುದಕ್ಕೆ ಜಾರ್ಜಿಯಾ ರಾಜ್ಯದ ಎಲಿಸನ್ಸ್ ಗುಹೆಯ ದಾಖಲೆ ಸಾಕ್ಷಿ. 2011ರ ಫೆಬ್ರುವರಿಯಲ್ಲಿ ಅಲ್ಲಿಯ ಕೂಪವೊಂದರಲ್ಲಿ ತಣ್ಣೀರಿನ ಧಾರೆಯ ಕೆಳಗೆ ಒಬ್ಬ ವಿದ್ಯಾರ್ಥಿ ಹಗ್ಗದಲ್ಲಿ ಸಿಕ್ಕಿಕೊಂಡ. ನೆರವಿಗೆ ಹೋದ ಗೆಳೆಯನೂ ಮರಳಲಿಲ್ಲ. ಹಗ್ಗಕ್ಕೆ ಏನೂ ಆಗಿರಲಿಲ್ಲ. ಮೈಯ ಶಾಖ ಇಂಗಿ ಇಬ್ಬರೂ ತೀರಿಕೊಂಡಿದ್ದರು.

ಚಳಿನೀರು ಇಲ್ಲದಿದ್ದರೂ ಹಾರ್ನೆಸ್ಸಿನಲ್ಲಿ ಅಲುಗಾಡದೆ ನೇತಾಡುವುದೇ ಅಪಾಯ. ಕಾಲಿನ ಸ್ನಾಯುಗಳು ಆಡದಿದ್ದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ, ಎಚ್ಚರ ತಪ್ಪುತ್ತದೆ. 1972ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಸೇರಿದ ಪರ್ವತ ರಕ್ಷಣಾ ವೈದ್ಯರು ಇದನ್ನು ಚರ್ಚೆಗೆ ತಂದರು. 1980ರ ದಶಕದಲ್ಲಿ ಫ್ರೆಂಚ್ ಗುಹಾಶೋಧಕರು ಆರೋಗ್ಯವಂತ ಸ್ವಯಂಸೇವಕರನ್ನೇ ತೂಗುಬಿಟ್ಟು ನೋಡಿದರು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಗಟ್ಟಿಮುಟ್ಟಾದವರೂ ಕೆಲವೇ ನಿಮಿಷಗಳಿಂದ ಅರ್ಧ ಗಂಟೆಯೊಳಗೆ ಕುಸಿಯುವ ಲಕ್ಷಣ ತೋರಿದರು.

ಇಲ್ಲಿಯೇ ನನ್ನ ಹುಡುಕಾಟಕ್ಕೆ ಇನ್ನೊಂದು ಎಳೆ ಸಿಕ್ಕಿತು. ಹಳೆಯ ಕೈಪಿಡಿಗಳಲ್ಲಿ ಒಂದು ಎಚ್ಚರಿಕೆ ಸಾಲುಸಾಲಾಗಿ ಬರುತ್ತದೆ: ಹೀಗೆ ನೇತಾಡಿದವನನ್ನು ಇಳಿಸಿದ ಕೂಡಲೆ ಮಲಗಿಸಬೇಡಿ, ಅರ್ಧ ಗಂಟೆ ಕೂರಿಸಿಯೇ ಇಡಿ, ಮಲಗಿಸಿದರೆ ಕಾಲಿನ ರಕ್ತ ಒಮ್ಮೆಗೇ ನುಗ್ಗಿ ಹೃದಯ ನಿಂತೀತು. ಕಾರಣ ಕೇಳಿದರೆ ಒಂದು ಕೈಪಿಡಿ ಇನ್ನೊಂದರತ್ತ ಕೈ ತೋರುತ್ತದೆ. 2009ರಲ್ಲಿ ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆ ಇದಕ್ಕೆ ಆಧಾರವೇನು ಎಂದು ಇದ್ದಬದ್ದ ಪ್ರಬಂಧಗಳನ್ನೆಲ್ಲ ಜಾಲಾಡಿಸಿತು. ಆಧಾರ ಸಿಗಲಿಲ್ಲ. ಎಚ್ಚರ ತಪ್ಪಿದವನನ್ನು ಕೂರಿಸಿದರೆ ಮಿದುಳಿಗೆ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಎಲ್ಲರಿಗೂ ಮಾಡುವಂತೆ ಮಲಗಿಸಿಯೇ ಪ್ರಥಮ ಚಿಕಿತ್ಸೆ ಕೊಡಿ ಎಂದು ಆ ವರದಿ ಸಲಹೆ ಮಾಡಿತು. 'ಕೇಬಲ್ ತುಂಡಾಯಿತು' ಎಂಬ ಒಕ್ಕಣೆಯ ಹಾಗೆಯೇ ಇದೂ ಮೂಲ ನೋಡದೆ ನಕಲಾಗುತ್ತ ಬಂದದ್ದು. ವ್ಯತ್ಯಾಸ ಇಷ್ಟೇ: ಮೊದಲನೆಯದರಿಂದ ಚರಿತ್ರೆ ಮಾತ್ರ ಕೆಡುತ್ತದೆ, ಎರಡನೆಯದರಿಂದ ಬದುಕಬಹುದಾದವನು ಸಾಯಬಹುದು.

ಏನೇ ಇದ್ದರೂ ಇಳಿಸುವುದೇ ಮೊದಲ ಚಿಕಿತ್ಸೆ. ಅದಕ್ಕೆ ಕಾಯಲು ಸಮಯವಿಲ್ಲ. ಜೊತೆಯಲ್ಲಿರುವವನೇ ಹಗ್ಗಕ್ಕೆ ಏರಿ, ಸಿಕ್ಕಿಕೊಂಡವನನ್ನು ತನ್ನ ಹಾರ್ನೆಸ್ಸಿಗೆ ಕೂಡಿಸಿಕೊಂಡು, ಅವನ ಭಾರವನ್ನು ಅವನ ಹಿಡಿಗಳಿಂದ ಬಿಡಿಸಿ, ಇಬ್ಬರ ತೂಕವನ್ನೂ ಒಂದೇ ಡಿಸೆಂಡರಿನಲ್ಲಿ ಇಳಿಸಬೇಕು. ಬೆಳಕಿನಲ್ಲಿ, ಮರದ ಕೊಂಬೆಗೆ ಕಟ್ಟಿದ ಹಗ್ಗದಲ್ಲಿ ನೂರಾರು ಬಾರಿ ಮಾಡಿ ನೋಡದವರಿಗೆ ಕತ್ತಲಲ್ಲಿ ನೀರಿನ ಕೆಳಗೆ ಇದು ಒಲಿಯುವುದಿಲ್ಲ.

ಒಬ್ಬನ ಹನ್ನೆರಡು ಗಂಟೆ, ಎಲ್ಲರ ಹನ್ನೊಂದು ದಿನ

ಲೂಬೆನ್ಸ್ ಪ್ರಕರಣ ಎತ್ತಿದ ಎರಡನೆಯ ಪ್ರಶ್ನೆ, ಬದುಕಿರುವವನನ್ನು ಮೇಲೆ ತರುವುದು ಹೇಗೆ ಎಂಬುದು, ಮತ್ತೆ ಜಗತ್ತಿನ ಮುಂದೆ ಬಂದದ್ದು 2014ರಲ್ಲಿ. ಜರ್ಮನಿಯ ಬವೇರಿಯಾದ ಉಂಟರ್ಸ್‌ಬರ್ಗ್ ಬೆಟ್ಟದಲ್ಲಿ ರೀಸೆಂಡಿಂಗ್ ಎಂಬ ಗುಹೆಯಿದೆ. ಬಾಯಿಯಿಂದಲೇ ಸುಮಾರು ಮುನ್ನೂರು ಮೀಟರಿನ ಲಂಬ ಇಳಿತ, ಒಟ್ಟು ಆಳ 1,100 ಮೀಟರಿಗೂ ಹೆಚ್ಚು. ಅದನ್ನು ಶೋಧಿಸಿದವರಲ್ಲೇ ಒಬ್ಬನಾದ ಭೌತವಿಜ್ಞಾನಿ ಯೋಹಾನ್ ವೆಸ್ಟ್‌ಹೌಸರ್ ಜೂನ್ 8ರ ನಸುಕಿಗೆ ಮುನ್ನ ಸಾವಿರ ಮೀಟರ್ ಆಳದಲ್ಲಿದ್ದಾಗ ಕಲ್ಲು ಉದುರಿತು. ಹೆಲ್ಮೆಟ್ ಇದ್ದೂ ಮಿದುಳಿಗೆ ಪೆಟ್ಟಾಯಿತು. ಜೊತೆಗಿದ್ದ ಇಬ್ಬರಲ್ಲಿ ಒಬ್ಬ ಅಲ್ಲೇ ಉಳಿದ, ಇನ್ನೊಬ್ಬ ಸುದ್ದಿ ಮುಟ್ಟಿಸಲು ಹೊರಟ. ಆತ ಹೊರಬರಲು ಹಿಡಿದದ್ದು ಸುಮಾರು 12 ಗಂಟೆ. ಗಾಯಾಳು ಹೊರಬಂದದ್ದು ಜೂನ್ 19ರಂದು, ಹನ್ನೊಂದು ದಿನಗಳ ಮೇಲೆ. ಐದು ದೇಶಗಳ 728 ಮಂದಿ ಆ ಕೆಲಸದಲ್ಲಿ ತೊಡಗಿದ್ದರು. ಅವರಲ್ಲಿ 202 ಮಂದಿ ಗುಹೆಯೊಳಗೆ.

ಒಬ್ಬನಿಗೆ ಹನ್ನೆರಡು ಗಂಟೆಯ ದಾರಿ ಸ್ಟ್ರೆಚರಿಗೆ ಅಷ್ಟು ದುರ್ಗಮವಾದದ್ದೇಕೆ? ಒಂದು ರಿಬಿಲೇಯನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಆರೋಗ್ಯವಂತನನ್ನು ಕಾಪಾಡಲೆಂದು ಹಾಕಿದ ಆ ಕಟ್ಟು ಸ್ಟ್ರೆಚರಿಗೆ ಗೋಡೆ. ಅದು ತಾನಾಗಿ ಕೊಂಡಿ ಬಿಚ್ಚಿ ಹಾಕಿಕೊಳ್ಳಲಾರದು. ಹಾಗಾಗಿ ಇರುವ ಹಗ್ಗಗಳ ಪಕ್ಕದಲ್ಲೇ ಹೊಸ ಮೊಳೆಗಳನ್ನು ಕೊರೆದು, ತಡೆಯಿಲ್ಲದ ಬೇರೆ ಹಗ್ಗದ ಜಾಲವನ್ನೇ ಸಾವಿರ ಮೀಟರ್ ಉದ್ದಕ್ಕೂ ಕಟ್ಟಬೇಕು. ಮೊಳೆಗಳ ಮೇಲೆ ಈಗ ಬೀಳುವುದು ಒಬ್ಬನ ಭಾರವಲ್ಲ. ಗಾಯಾಳು, ಸ್ಟ್ರೆಚರ್, ಪಕ್ಕದಲ್ಲೇ ನೇತಾಡುತ್ತ ಬರುವ ಜೊತೆಗಾರ, ಎಳೆಯುವವರು ಎಲ್ಲರದು. ಆದ್ದರಿಂದ ಎಳೆಯುವ ಹಗ್ಗ ಒಂದು, ಕಾಯುವ ಹಗ್ಗ ಇನ್ನೊಂದು. ಇಕ್ಕಟ್ಟಾದ ಜಗಲಿಯಲ್ಲಿ ಹತ್ತು ಜನ ನಿಂತು ಎಳೆಯಲು ತಾವಿರುವುದಿಲ್ಲ. ಅದಕ್ಕೊಂದು ಜಾಣ ಉಪಾಯ: ಮೇಲೆ ರಾಟೆ ಹಾಕಿ, ಹಗ್ಗದ ಒಂದು ಕಡೆ ಸ್ಟ್ರೆಚರ್, ಇನ್ನೊಂದು ಕಡೆ ರಕ್ಷಕನೊಬ್ಬನೇ ನೇತಾಡಿ ತನ್ನ ಮೈಭಾರದಿಂದ ಕೆಳಗಿಳಿಯುತ್ತಾನೆ; ಅವನು ಇಳಿದಷ್ಟು ಸ್ಟ್ರೆಚರ್ ಏರುತ್ತದೆ. ಯಂತ್ರ ಮಾಡಬೇಕಾದ ಕೆಲಸವನ್ನು ಮನುಷ್ಯನ ತೂಕ ಮಾಡುತ್ತದೆ.

ಜೊತೆಗೆ ದಾರಿಯುದ್ದಕ್ಕೂ ಬಿಡಾರಗಳು, ಊಟ, ಒಣಬಟ್ಟೆ, ಬಂಡೆಯ ಮೂಲಕವೇ ಸಂದೇಶ ದಾಟಿಸುವ ಕೇವ್‌ಲಿಂಕ್ ಉಪಕರಣ ಬೇಕು. ವೈದ್ಯರು ಬೇಕು, ಅದೂ ಸಾವಿರ ಮೀಟರ್ ಹಗ್ಗದಲ್ಲಿ ಇಳಿಯಬಲ್ಲ ವೈದ್ಯರು. ಆಸ್ಪತ್ರೆಯ ಎಷ್ಟೇ ದೊಡ್ಡ ತಜ್ಞನಿಗೂ ಹಗ್ಗ ಬಾರದಿದ್ದರೆ ಅಲ್ಲಿ ಬೆಲೆಯಿಲ್ಲ.

2023ರ ಸೆಪ್ಟೆಂಬರಿನಲ್ಲಿ ಟರ್ಕಿಯ ಮೊರ್ಜಾ ಗುಹೆಯಲ್ಲಿ ಇದೇ ಪಾಠ ಇನ್ನೊಂದು ರೂಪದಲ್ಲಿ ಬಂತು. ಅಲ್ಲಿ ಬಿದ್ದವರಿಲ್ಲ, ಕಲ್ಲು ಉದುರಲಿಲ್ಲ. ಅಮೆರಿಕದ ಮಾರ್ಕ್ ಡಿಕಿ ಎಂಬ ಅನುಭವಿಗೆ ಸಾವಿರ ಮೀಟರಿಗೂ ಆಳದಲ್ಲಿ ಹೊಟ್ಟೆಯೊಳಗೆ ರಕ್ತಸ್ರಾವ ಶುರುವಾಯಿತು. ಆತ ಆಗ ಯುರೋಪಿನ ಗುಹಾ ರಕ್ಷಣಾ ಸಂಘದ ವೈದ್ಯಕೀಯ ಸಮಿತಿಯ ಕಾರ್ಯದರ್ಶಿಯಾಗಿದ್ದ, ಇತರರಿಗೆ ರಕ್ಷಣೆ ಕಲಿಸುತ್ತಿದ್ದವನು. ಹಂಗೆರಿಯ ವೈದ್ಯೆ ಇಳಿದು ಗುಹೆಯೊಳಗೇ ರಕ್ತ ಕೊಟ್ಟಳು. ಟರ್ಕಿ, ಹಂಗೆರಿ, ಇಟಲಿ, ಕ್ರೊಯೇಷಿಯಾ, ಪೋಲೆಂಡ್, ಬಲ್ಗೇರಿಯಾಗಳ ತಂಡಗಳು ಕೂಪವನ್ನು ಭಾಗ ಮಾಡಿ ಹಂಚಿಕೊಂಡವು. ಸ್ಟ್ರೆಚರ್ ತೂರದ ಕಿರುಗಂಡಿಗಳನ್ನು ಒಡೆದು ಅಗಲ ಮಾಡಿದವು. ಸೆಪ್ಟೆಂಬರ್ 12ರ ನಡುರಾತ್ರಿ ಕಳೆದ ಮೇಲೆ ಆತ ಹೊರಬಂದ. ಭಾಷೆ ಬೇರೆಯಾದರೂ ಈ ತಂಡಗಳ ಗಂಟುಗಳು ಒಂದೇ ಆಗಿದ್ದವು. ಅದು ಆ ದಿನ ಕೂಡಿಬಂದ ಅದೃಷ್ಟವಲ್ಲ; ಬ್ರಿಟನ್ನಿನ ಯಾರ್ಕ್‌ಷೈರಿನಲ್ಲಿ 1935ರಲ್ಲೇ ಗುಹಾ ರಕ್ಷಣಾ ಪಡೆ ಹುಟ್ಟಿದಂದಿನಿಂದ, 1977ರಲ್ಲಿ ಫ್ರಾನ್ಸಿನ ರಕ್ಷಣಾ ವಿಭಾಗ ರೂಪುಗೊಂಡಂದಿನಿಂದ, ಹವ್ಯಾಸಿಗಳೇ ರಜಾದಿನಗಳಲ್ಲಿ ಸೇರಿ ಮಾಡುತ್ತ ಬಂದ ತಾಲೀಮಿನ ಫಲ.

ದಾಖಲೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಒಂದು ಲೆಕ್ಕ ತಾಳೆಯಾಗುತ್ತದೆ. ವಿಂಚಿನ ಕಾಲದಲ್ಲಿ ನೇತಾಡುವವನು ಪೂರ್ತಿ ಪರಾಧೀನ. ಒಂಟಿ ಹಗ್ಗದ ವಿದ್ಯೆ ಅವನನ್ನು ಸ್ವಾವಲಂಬಿಯಾಗಿಸಿತು, ಇನ್ನೂ ಆಳಕ್ಕೆ ಹೋಗುವ ಧೈರ್ಯ ಕೊಟ್ಟಿತು. ಆದರೆ ಅವನ ಕೈ ಸೋತ ಕ್ಷಣದಲ್ಲಿ, ಎಳೆಯಲು ಮೇಲೆ ಯಾರೂ ಇಲ್ಲದಷ್ಟು ಆಳದಲ್ಲಿ ಅವನಿರುತ್ತಾನೆ. ಆಗ ಬೇಕಾಗುವುದು ಒಂದು ಯಂತ್ರವಲ್ಲ, ಒಂದು ಊರಿನಷ್ಟು ಜನ. ಅದೂ ಅವನಷ್ಟೇ ಹಗ್ಗ ಬಲ್ಲ ಜನ.

ನಮ್ಮಲ್ಲೂ ಈ ಲೆಕ್ಕ ಹಾಕುವ ಕಾಲ ಬಂದಿದೆ. ಮೇಘಾಲಯದಲ್ಲಿ 1992ರಿಂದ ದೇಶ ವಿದೇಶಗಳ ತಂಡಗಳು ನೂರಾರು ಕಿಲೋಮೀಟರ್ ಗುಹೆಗಳ ನಕ್ಷೆ ಬರೆದಿವೆ. ಅಲ್ಲಿ ಹಗ್ಗವಿಲ್ಲದೆ ಇಳಿಯಲಾಗದ ಕೂಪಗಳೂ ಇವೆ. ರಾಮನಗರ, ಸಾವನದುರ್ಗದ ಬಂಡೆಗಳಲ್ಲಿ ವಾರಾಂತ್ಯಕ್ಕೆ ಹಗ್ಗ ಕಟ್ಟಿ ಇಳಿಯುವ ಹುಡುಗ ಹುಡುಗಿಯರಿಗೆ ಈ ಕಥೆ ದೂರದ್ದಲ್ಲ. ಇಳಿಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಇಳಿಯುತ್ತಿರುವಾಗಲೇ ನಿಂತು ಏರುವುದಕ್ಕೆ ಬದಲಾಯಿಸಿಕೊಳ್ಳುವುದನ್ನು, ಸಿಕ್ಕಿಕೊಂಡ ಗೆಳತಿಯನ್ನು ನಡುಹಗ್ಗದಿಂದ ಬಿಡಿಸುವುದನ್ನು ಕಲಿಸಲು ಅಷ್ಟು ಸಾಲದು. ಹಗ್ಗ ಕೊಳ್ಳುವಾಗ ಚೀಟಿಯ ಮೇಲಿನ 22 ಕಿಲೋನ್ಯೂಟನ್ ನೋಡಿ ನೆಮ್ಮದಿ ಪಡುವವರು ಅಂಗಡಿಯವರಿಗೆ ಗೊತ್ತಿಲ್ಲದ ಮೂರು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳಬೇಕು: ತುದಿಗೆ ಗಂಟು ಹಾಕಿದ್ದೇನೆಯೇ? ಹಗ್ಗ ಎಲ್ಲಿ ಕಲ್ಲಿಗೆ ತಾಗುತ್ತಿದೆ? ನಾನು ಏರಲಾರೆ ಎಂದಾದರೆ ಇಲ್ಲಿಗೆ ಬರಬಲ್ಲವರು ಯಾರು, ಅವರೊಂದಿಗೆ ನಾನು ಎಂದಾದರೂ ತಾಲೀಮು ಮಾಡಿದ್ದೇನೆಯೇ? ಮೂರನೆಯದಕ್ಕೆ ಉತ್ತರವಿಲ್ಲದವರು ಮೊದಲು ಮಾಡಬೇಕಾದ ಕೆಲಸ ಹೊಸ ಹಗ್ಗ ಕೊಳ್ಳುವುದಲ್ಲ, ಜೊತೆಗಾರರನ್ನು ಸಂಪಾದಿಸುವುದು.